ಅಮೃತಮ್ಮನ ಮೊಳಕೆ ಬುಟ್ಟಿ

ವಾಡಿ ಸ್ಟೇಷನ್ನಿನ ಹೊರಗೆ ಇನ್ನೂ ನಸುಕು. ಅಮೃತಮ್ಮ ಬುಟ್ಟಿಯ ಮೇಲಿನ ಹಸಿ ಅರಿವೆ ಸರಿಸುತ್ತಾಳೆ. ಮಡಕಿ ಕಾಳು ಚೆನ್ನಾಗಿ ಮೊಳಕೆಯೊಡೆದಿದೆ. ಶಹಾಬಾದಿನ ಕಲ್ಲುಗಣಿಗೆ ಹೊರಟ ಮೌಲಾಲಿ ಅಂಗೈ ಒಡ್ಡುತ್ತಾನೆ. ಅವನ ತುಟಿಯಂಚು ಬಿರಿದಿದೆ. "ನಿನ್ನೆ ಯಾಕ ಬರ್ಲಿಲ್ಲ? ಬಾಯಿ ನೋಡ್ಕೋ, ಬ್ಯಾಸಿಗ್ಯಾಗಿನ ಎರಿ ಹೊಲ ಆಗ್ಯಾದ" ಎಂದು ಗದರಿ, ಮೇಲೊಂದು ಹಿಡಿ ಶೇಂಗಾ ಹಾಕುತ್ತಾಳೆ. ರೈಲು ಬರುವುದರೊಳಗೆ ಐದು ಸೇರು ಕಾಳು, ಅರವತ್ತು ಕೈ, ಯಾರಿಂದಲೂ ಕಾಸಿಲ್ಲ. ಮೊಹರಂ, ದೀಪಾವಳಿ, ಯಾವುದಕ್ಕೂ ರಜೆಯಿಲ್ಲ.

ಜೋಳ ತಿಂದು ಬೆಳೆದ ಈ ಮೊಗಲಾಯಿ ಸೀಮೆಯಲ್ಲಿ ಬಿಳಿ ಅನ್ನ ಹಬ್ಬದ ಊಟ. ಮೂರು ವರ್ಷದ ಹಿಂದೆ ಒಬ್ಬಳೇ ಮಗಳು ಹಣಮಮ್ಮ ಸೇಡಂನಿಂದ ಚೊಚ್ಚಲ ಬಾಣಂತನಕ್ಕೆ ಬಂದಳು. ಬಾಣಂತಿಗೆ ಬೇಳೆ ವಾಯು, ಸೊಪ್ಪು ಶೀತ ಎಂದರು ಓಣಿಯ ಬಲ್ಲವರು. ಅಂಥವರಿಗೆ ಎಲ್ಲಿ ಬರ! ಹೆತ್ತ ಕರುಳು ಮಿಲ್ಲಿನ ರಂಗೂನ್ ಅಕ್ಕಿ ತರಿಸಿತು. ಏಳು ನೀರು ತೊಳೆದು, ಗಂಜಿ ಬಸಿದು, ಮೂರು ತಿಂಗಳು ಬರೀ ಅನ್ನ ತುಪ್ಪ ಉಣಿಸಿದಳು. ಮಗಳ ಪಾದ ಜೋಮು ಹಿಡಿದವು. ಕೂಸು ಅತ್ತರೂ ದನಿ ಬಾರದಾಯಿತು. ಒಂದು ಮಧ್ಯಾಹ್ನ ತಾಯಿಯ ಮಡಿಲಲ್ಲೇ ಹೋಯಿತು.

ಬೆಳ್ಳಗಿರುವುದೆಲ್ಲ ಹಾಲಲ್ಲ. ಶಹಾಬಾದಿನ ಡಾಕ್ಟರು ಹಣಮಮ್ಮನ ಕಾಲು ಒತ್ತಿ ನೋಡಿ ಹೇಳಿದರು: ಅಕ್ಕಿಯ 'ಬಿ' ಜೀವಸತ್ವ ಮಿಲ್ಲಿನಲ್ಲೇ ತೌಡಿನ ಜತೆ ಹೋಗಿದೆ, ಅಷ್ಟಿಷ್ಟು ಉಳಿದದ್ದನ್ನು ನೀವು ಗಂಜಿಯಲ್ಲಿ ಚೆಲ್ಲಿದ್ದೀರಿ, ಎದೆಹಾಲಿನಲ್ಲೂ ಅದಿಲ್ಲದೆ ಕೂಸು ಹೋಯಿತು. ಕಾಳು, ಶೇಂಗಾ, ತೌಡು ತಿಂದು ಮಗಳು ಎದ್ದು ನಡೆದಳು. ನಡೆದದ್ದು ಸೇಡಂಗೆ, ಮತ್ತೆ ತವರಿನತ್ತ ತಲೆ ಹಾಕಲಿಲ್ಲ.

"ಬಡವರು ತಿನ್ನೂ ರೊಟ್ಟಿ, ಬ್ಯಾಳಿ, ಪುಂಡಿ ಪಲ್ಯಾ ಕೊಟ್ಟಿದ್ರ ಕೂಸು ಉಳೀತಿತ್ರಿ. ಪ್ರೀತಿ ಭಾಳ ಆಗಿ ತಪ್ಪು ಮಾಡ್ದೆ" ಎನ್ನುತ್ತಾಳೆ ಅಮೃತಮ್ಮ. ಅಂದಿನಿಂದ ಈ ಬುಟ್ಟಿ. ಪ್ರತಿ ಸೋಮವಾರ ಸೇಡಂ ಕಡೆಯ ರೈಲಿನಲ್ಲಿ ಪೋರ್ಟರ್ ಗುಲಾಮ ದಸ್ತಗೀರನ ಕೈಲಿ ಮಗಳಿಗೂ ಒಂದು ಚೀಲ ಕಾಳು ಹೋಗುತ್ತದೆ. ಚೀಲ ಒಗೆದು ಮಡಿಚಿ ವಾಪಸು ಬರುತ್ತದೆ, ಮಾತು ಬರುವುದಿಲ್ಲ. ಈಗ ಹಣಮಮ್ಮನಿಗೆ ಮತ್ತೆ ಐದು ತಿಂಗಳು. ಆ ಸುದ್ದಿಯನ್ನೂ ದಸ್ತಗೀರನೇ ತಂದ. ಕೇಳಿ ತಾಯಿಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು.

ಹೆರಿಗೆಗೆ ಕರೆಯುವುದಿಲ್ಲವೇ ಎಂದರೆ ಆಕೆ ರೈಲು ಹೋದ ದಿಕ್ಕನ್ನೇ ನೋಡುತ್ತಾಳೆ.

"ಕರೀಲಿಕ್ಕ ನನಗ ಯಾವ ಬಾಯಿ ಅದರಿ? ಅತ್ತಿ ಮನ್ಯಾಗೇ ಹಡೀಲಿ, ಸುಖವಾಗಿರ್ಲಿ. ಒಂದಿನ ಬರ್ಲಿ, ಬಾಗಿಲದಾಗೇ ನಿಂತು ಬೈಲಿ. ಬೈದು ಬೈದು ಹಸಿವಾದ್ರ, ನನ್ನ ಕೈಯಾಗಿನ ಒಂದು ರೊಟ್ಟಿ ತಿನ್ನಲಿ."