ನೀರಿನಿಂದ ಎದ್ದು ಬರುವವನು

ತಮಿಳುನಾಡಿನ ಸಿರುಮುಗೈಯಲ್ಲಿ, ಮನೆಯೊಳಗೆ ಕನ್ನಡ ಆಡುವ ನೇಕಾರರ ಬೀದಿಯಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಮಗ್ಗಗಳೆಲ್ಲ ಒಟ್ಟಿಗೆ ನಿಲ್ಲುತ್ತವೆ. ಬೆಳಗಿನಿಂದ ಸದ್ದಿಗೆ ಒಗ್ಗಿದ ಕಿವಿಗೆ ಆ ಮೌನವೇ ಜೋರು. ಸರಿಯಾಗಿ ಆ ಹೊತ್ತಿನಲ್ಲೇ ಕಮಲಾತಾಳ್‌ಗೆ ಒಳಮನೆಯ ಮಗ್ಗದಲ್ಲಿ ಲಾಳಿ ಓಡಿದ ಸದ್ದು ಕೇಳುತ್ತಿತ್ತು. ಒಮ್ಮೆ ಆಚೆ, ಒಮ್ಮೆ ಈಚೆ, ಆಮೇಲೆ ಎಳೆ ಒತ್ತುವ ಹಲಗೆಯ ಒಂದು ಏಟು. ಎಂಜಲು ಕೈಯಲ್ಲೇ ಎದ್ದು ಹೋಗಿ ನೋಡಿದರೆ ಕಾಲಿಳಿಬಿಟ್ಟು ಕೂರುವ ಮಗ್ಗದ ಗುಂಡಿ ಖಾಲಿ. ಅರ್ಧ ನೇಯ್ದ ಗಿಳಿಹಸಿರು ರೇಷ್ಮೆ ಸೀರೆ ತಮ್ಮ ಬಿಟ್ಟುಹೋದಲ್ಲಿಗೇ ನಿಂತಿರುತ್ತಿತ್ತು. ಅವಳಿಗೆ ಹೆದರಿಕೆಯಾಗುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು. ಬಂದವನು ಮುಖ ತೋರಿಸಿ ಹೋಗಬಾರದೇ?

ತಮ್ಮನ ಹೆಸರು ಚೆನ್ನಕೇಶವನ್. ಅಪ್ಪ ಅವ್ವ ಬೇಗ ತೀರಿಕೊಂಡದ್ದರಿಂದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಈ ಅಕ್ಕನೇ. ತನ್ನ ಮದುವೆಯ ಮಾತು ಬಂದಾಗಲೆಲ್ಲ ಇವನೊಂದು ದಡ ಸೇರಲಿ ಎನ್ನುತ್ತಲೇ ತಲೆಗೂದಲು ನರೆಸಿಕೊಂಡಿದ್ದಳು. ಹುಡುಗನಿಗೆ ನೇಯ್ಗೆಯಲ್ಲಿ ಕೈ ಚಂದ, ಧೈರ್ಯ ಮಾತ್ರ ಗುಲಗಂಜಿಯಷ್ಟೂ ಇರಲಿಲ್ಲ. ಕುಲದೇವತೆ ಚೌಡಮ್ಮನ ಹಬ್ಬದಲ್ಲಿ ಬೀದಿಯ ಗಂಡಸರು ವೀರಕುಮಾರರಾಗಿ, ಎದೆಗೆ ಕತ್ತಿ ಹೊಡೆದುಕೊಳ್ಳುತ್ತ ಅಮ್ಮನನ್ನು ಕರೆಯುತ್ತಾರೆ. ರಕ್ತ ಬಂದ ಕಡೆ ಅರಿಶಿನ ಮೆತ್ತಿಕೊಂಡು ಮತ್ತೆ ಹೊಡೆದುಕೊಳ್ಳುತ್ತಾರೆ. ಇವನೋ, ಕತ್ತಿಯನ್ನು ಎದೆಯ ಹತ್ತಿರಕ್ಕೆ ತಂದು ಗಾಳಿಗೆ ಬೀಸಿ ಹಿಂದೆ ಸರಿಯುವವನು. ಊರು ನಗದೆ ಬಿಟ್ಟೀತೇ? "ಅಮ್ಮ ಬರೋದ್ಕೆ ಮುಂಚೆ ಇವ ಓಡ್ಹೋಗ್ತಾನೆ" ಎಂದು ಹೆಂಗಸರು ಕೂಡ ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದರು.

ಇಂಥ ಪುಕ್ಕಲನಿಗೆ ಹುಚ್ಚು ಮಾತ್ರ ವೀರರದು. ಮೇಟ್ಟುಪಾಳೆಯದ ಬಸ್ ನಿಲ್ದಾಣದ ಅಂಗಡಿಗೆ ತಿಂಗಳಿಗೊಮ್ಮೆ ಬರುವ ತಮಿಳು ಕಾಮಿಕ್ಸ್ ಪುಸ್ತಕವನ್ನು ಅವನು ಬಿಟ್ಟವನೇ ಅಲ್ಲ. ಅಕ್ಕ ರಾಟೆಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುವಾಗ ಪಕ್ಕದಲ್ಲಿ ಕೂತು, ತಮಿಳಿನಲ್ಲಿ ಓದಿಕೊಂಡು, ಮನೆಯ ಕನ್ನಡದಲ್ಲಿ ಹೇಳುತ್ತಿದ್ದ. ಅವಳಿಗೆ ಎರಡರಲ್ಲಿ ಯಾವ ಅಕ್ಷರವೂ ಬಾರದು. ಕರಿ ಮುಸುಕು ಹಾಕಿಕೊಂಡು ಸಮುದ್ರ ಸುತ್ತುವ ಹಡಗಿನವನೊಬ್ಬನ ಕಥೆ ಅದು.

"ಹೀರೋ ಅಂದ್ರೆ ಯಾರು ಗೊತ್ತಾಕ್ಕ? ಪಯನೇ ಇಲ್ಲದವ, ಯಾವ್ದಕ್ಕೂ ಹೆದರ್ದವ. ನೀರ್ಗೆ ಬಿದ್ದ ಹೀರೋ ಸತ್ತದ್ದು ಒಂದ್ ಪುಸ್ತಗ್ದಲ್ಲೂ ಇಲ್ಲೆ" ಎನ್ನುತ್ತಿದ್ದ.

ಒಮ್ಮೆ ಎರಡು ಪುಸ್ತಕ ಬಿಡಿಸಿಟ್ಟು, "ಇದ್ರಲ್ಲಿ ಮೂಗು ನೋಡು, ಅದ್ರಲ್ಲಿ ನೋಡು. ಪಡ ಬರೆಯೋ ಚಿತ್ರಕಾರ ಬೇರೆ. ಮೊದ್ಲಿನವ ಸತ್ತಿರ್ಬೇಕು. ಆದ್ರೂ ಹೀರೋ ಹಂಗೇ ಇದ್ದಾನೆ" ಎಂದು ತೋರಿಸಿದ. ಕಮಲಾತಾಳ್‌ಗೆ ಅದು ಥಟ್ಟನೆ ಅರ್ಥವಾಯಿತು. ಒಬ್ಬರು ಅರ್ಧ ನೇಯ್ದ ಸೀರೆಗೆ ಇನ್ನೊಬ್ಬರು ಕೂತರೆ ಏಟಿನ ಭಾರ ಬೇರೆಯಾಗಿ ಬಟ್ಟೆಯಲ್ಲಿ ಅಡ್ಡಗೆರೆ ಬೀಳುತ್ತದೆ. ಕೈ ಬದಲಾದದ್ದನ್ನು ನೇಕಾರರ ಕಣ್ಣಿಗೆ ಮರೆಮಾಡಲಾಗುವುದಿಲ್ಲ.

ಎಂಬತ್ತಾರರಲ್ಲಿ, ದೀಪಾವಳಿ ಬರುವ ಐಪ್ಪಸಿ ತಿಂಗಳಲ್ಲಿ, ಮಲೆಯ ಮೇಲೆ ಮಳೆ ಸುರಿದು ಭವಾನಿ ಹೊಳೆ ಒಮ್ಮೆಲೇ ಏರಿತು. ಬಟ್ಟೆ ಒಗೆಯಲು ಇಳಿದಿದ್ದ ಅದೇ ಬೀದಿಯ ನಾಚಿಯಮ್ಮ ನಡುವಿನ ಬಂಡೆಗೆ ಸಿಕ್ಕಿಕೊಂಡಳು. ಹೊಳೆಗೆ ಹೋಗಿದ್ದ ಚೆನ್ನಕೇಶವನ್ ನೀರಿಗಿಳಿದು ಅವಳನ್ನು ದಡಕ್ಕೆ ನೂಕಿದ. ಅವನು ಮಾತ್ರ ಬರಲಿಲ್ಲ. ಹೆಣವೂ ಸಿಗಲಿಲ್ಲ.

ಕಥೆಗಳಲ್ಲಿ ಹೀರೋ ಉಳಿಸುವುದು ರಾಜಕುಮಾರಿಯನ್ನು. ಇವನು ಉಳಿಸಿದ್ದು ಬೀದಿಯ ನಲ್ಲಿಯಲ್ಲಿ ಎಲ್ಲರ ಕೊಡ ಸರಿಸಿ ಜಗಳ ತೆಗೆಯುವ, ಹಲ್ಲಿಲ್ಲದ ಮುದುಕಿಯನ್ನು. "ಬಾಳಿ ಬದುಕಬೇಕಾದವ ಹೋದ, ಕಾಡು ಕರೆಯೋ ಮುದುಕಿ ಉಳೀತು" ಎಂದು ಊರು ಮುಖದೆದುರೇ ಆಡಿತು. ನಾಚಿಯಮ್ಮ ಯಾರಿಗೂ ತಿರುಗಿ ಅನ್ನಲಿಲ್ಲ. ಅಂದಿನಿಂದ ದಿನವೂ ಬೆಳಿಗ್ಗೆ ಕಮಲಾತಾಳ್ ಮನೆಗೆ ಬಂದು ರಾಟೆಯ ಮುಂದೆ ಕೂತು ಕಂಡಿಕೆ ಸುತ್ತತೊಡಗಿದಳು. ಕರೆದವರಿಲ್ಲ, ಬೇಡವೆಂದರೂ ಬಿಡಲಿಲ್ಲ. ಆ ಬಾಯಿ ಮುಚ್ಚಿದ್ದು ಕಂಡು ಬೀದಿಗೇ ದಿಗಿಲಾಯಿತು. ಕಮಲಾತಾಳ್‌ಗೆ ಅವಳ ಉಸಿರಿನ ಸದ್ದು ಕೂಡ ಕಿವಿಗೆ ಸೀಸ ಕಾಸಿ ಹೊಯ್ದಂತಾಗುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಎಡವಟ್ಟು ನಡೆದದ್ದು ಮರುತಿಂಗಳು. ಕಮಲಾತಾಳ್ ತಾನೇ ಬಸ್ಸು ಹತ್ತಿ ಹೋಗಿ ಹೊಸ ಪುಸ್ತಕ ತಂದಳು. ಹಿಂದಿನದರ ಕೊನೆಯಲ್ಲಿ ಮುಸುಕಿನವನು ಹಡಗಿನಿಂದ ಬಿದ್ದು ಮುಳುಗಿದ್ದ. ಇದರ ಮೊದಲ ಪುಟದಲ್ಲಿ, ಮೈಯೆಲ್ಲ ನೀರು ಸುರಿಸುತ್ತ ದಡಕ್ಕೆ ಎದ್ದು ಬರುತ್ತಿದ್ದ. ಓದು ಬಾರದವಳಿಗೆ ಚಿತ್ರವೇ ಸಾಕಾಯಿತು. ಅಂದಿನಿಂದ ತಮ್ಮನ ಮಗ್ಗವನ್ನು ಯಾರೂ ಮುಟ್ಟಕೂಡದು ಎಂದುಬಿಟ್ಟಳು.

ವರ್ಷ ತಿರುಗುತ್ತ ಬಂದಾಗ ಬೀದಿಯ ಹಿರಿಯ ಶಿವಲಿಂಗಂ ಬಂದು ಜಗಲಿಯ ಮೇಲೆ ಕೂತರು.

"ವರ್ಷ ತುಂಬೋದ್ಕೆ ಮುಂಚೆ ಎಳ್ಳು ನೀರು ಬಿಡ್ಬೇಕಮ್ಮ. ಇಲ್ಲಾಂದ್ರೆ ಆ ಉಸುರು ಎಲ್ಲಿ ತಂಗೀತು? ಮಧ್ಯಾಹ್ನ ಮಗ್ಗ ಸದ್ದು ಮಾಡ್ತದೆ ಅಂತ ನೀನೇ ಹೇಳ್ತೀಯಲ್ಲ."

"ಸತ್ತವರ್ಗೆ ಬಿಡ್ತಾರೆ ಮಾಮ, ಎಳ್ಳು ನೀರು" ಎಂದಳು ಕಮಲಾತಾಳ್. ಒಳಗಿಂದ ಪುಸ್ತಕ ತಂದು ಅವರ ಮಡಿಲಲ್ಲಿಟ್ಟಳು. "ಇಲ್ ನೋಡಿ. ಎದ್ ಬಂದಿದ್ದಾನೆ. ಪಯ ಇಲ್ಲದೆ ನೀರ್ಗೆ ಎಗರಿದವ ಅವ. ಅಂಥವ್ರು ಬತ್ತಾರೆ."

ಶಿವಲಿಂಗಂ ಆ ಚಿತ್ರವನ್ನು ನೋಡಿದರು, ಅವಳ ಮುಖವನ್ನು ನೋಡಿದರು. ಪುಸ್ತಕವನ್ನು ಜಗಲಿಯ ಮೇಲಿಟ್ಟು, ಮೇಲುವಸ್ತ್ರ ಹೆಗಲಿಗೆ ಹಾಕಿಕೊಂಡು ಎದ್ದು ಹೋದರು.

ಆಗ ಒಳಗೆ ರಾಟೆ ನಿಂತಿತು.

"ಪಯ ಇತ್ತು ನನ್ ಕಣ್ಣೇ" ಎಂದಳು ನಾಚಿಯಮ್ಮ. ಬಹಳ ದಿನ ಮಾತಾಡದ ಗಂಟಲು ಒಡೆದಿತ್ತು. "ಅವ ಎಗರಲಿಲ್ಲೆ. ದಡದಲ್ಲಿ ನಿಂತ್ಕಂಡು ಅಳ್ತಿದ್ದ. ಕೈಕಾಲೆಲ್ಲ ನಡುಗ್ತಿತ್ತು. ಒಂದ್ ಸಲ ತಿರುಗಿ ಓಡ್ದ. ಓಡ್ಲಿ, ಈ ಮುದುಕಿಗೆ ಯಾರು ಬಂದಾರು ಅಂದ್ಕಂಡೆ. ಆಮೇಲೆ ತಿರುಗಿ ಬಂದ. ಅಳ್ತಾನೇ ಇಳ್ದ. ನನ್ ಕೈ ಹಿಡಿಯೋವರ್ಗೂ 'ಅಕ್ಕಾ, ಅಕ್ಕಾ' ಅಂತಿದ್ದ."

ಕಮಲಾತಾಳ್ ಬಾಗಿಲಿಗೆ ಬಂದಳು.

"ಇಷ್ಟ್ ದಿನ ಯಾಕಜ್ಜಿ ಹೇಳಲಿಲ್ಲ?"

"ನೀ ಅವನ್ನ ಪಯ ಇಲ್ಲದವ, ಪಯ ಇಲ್ಲದವ ಅಂತಿದ್ದೆ. ಅತ್ತ ಅಂತ ಹೇಳಿ ಆ ಪಿಳ್ಳೆಯ ಮಾನ ತೆಗೀಲಾ?"

ಕಮಲಾತಾಳ್ ಪುಸ್ತಕ ಕೈಗೆತ್ತಿಕೊಂಡು ಪುಟ ತಿರುವಿದಳು. ಮುಸುಕಿನವನು ಬೆಂಕಿಗೆ ಹಾರುತ್ತಿದ್ದ, ಕತ್ತಿಗೆ ಎದೆಯೊಡ್ಡುತ್ತಿದ್ದ, ಸುಳಿಗೆ ಬೀಳುತ್ತಿದ್ದ. ಎಲ್ಲಿಯೂ ಅವನ ಮುಖದಲ್ಲಿ ಹೆದರಿಕೆಯ ಒಂದು ಗೆರೆ ಇರಲಿಲ್ಲ. ಹೆದರಿಕೆಯೇ ಇಲ್ಲದವನಿಗೆ ನೀರಿಗಿಳಿಯುವುದು ಏನು ದೊಡ್ಡದು? ಅವಳ ತಮ್ಮ ಗಡಗಡ ನಡುಗಿ, ಓಡಿ, ತಿರುಗಿ ಬಂದಿದ್ದ. ಹೆಮ್ಮೆ ಎದೆ ತುಂಬಿತು, ಅದರ ಹಿಂದೆಯೇ ಇನ್ನೊಂದು ಬಂದು ಎದೆ ಬಿರಿಯಿತು. ಹೆದರಿದನೆಂದರೆ ಅವನು ಮನುಷ್ಯ. ಮನುಷ್ಯನೆಂದರೆ ಸಾಯಬಹುದು. ವರ್ಷವಿಡೀ ಬಾರದ ಅಳು ಆಗ ಬಂತು, ಪಕ್ಕದ ಮನೆಗಳ ಮಗ್ಗಗಳು ನಿಲ್ಲುವಷ್ಟು. ನಾಚಿಯಮ್ಮ ಬಂದು ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಈ ಸಲ ಕಮಲಾತಾಳ್ ಕೊಡವಿಕೊಳ್ಳಲಿಲ್ಲ.

ಶಿವಲಿಂಗಂ ಮುಂದೆ ನಿಂತು ಹೊಳೆಯಲ್ಲಿ ಎಳ್ಳು ನೀರು ಬಿಡಿಸಿದರು. ಮನೆಗೆ ಬಂದ ಮೇಲೆ ಕಮಲಾತಾಳ್ ಧೂಳು ಕೊಡವಿ ತಮ್ಮನ ಗುಂಡಿಗಿಳಿದು ಕೂತಳು. ನಾಚಿಯಮ್ಮ ಸುತ್ತಿದ ಕಂಡಿಕೆಯನ್ನು ಲಾಳಿಗೆ ಹಾಕಿಕೊಟ್ಟಳು. ಮೊದಲ ಏಟಿಗೇ ಗೆರೆ ಬಿತ್ತು. ಕಮಲಾತಾಳ್ ಅದರ ಮೇಲೊಮ್ಮೆ ಬೆರಳಾಡಿಸಿ ಮುಂದಕ್ಕೆ ನೇಯ್ದಳು.

ಗೆರೆ ಬಿದ್ದ ಸೀರೆ ಅಂಗಡಿಗೆ ಹೋಗುವಂತಿರಲಿಲ್ಲ. ಚೌಡಮ್ಮನ ಹಬ್ಬಕ್ಕೆ ಅದನ್ನು ಅಮ್ಮನಿಗೆ ಉಡಿಸಲೆಂದು ಗುಡಿಗೆ ಒಯ್ದಳು. "ಅವ ಒಂದ್ ಸಲಾನೂ ಕತ್ತಿ ಹಾಕ್ಕಂಡವ ಅಲ್ಲ" ಎಂದು ಯಾರೋ ಗೊಣಗಿದರು. ನಾಚಿಯಮ್ಮ ತನ್ನ ಹಳೆಯ ನಲ್ಲಿಕಟ್ಟೆಯ ಗಂಟಲಲ್ಲಿ ಅವರ ವಂಶವನ್ನೆಲ್ಲ ಜಾಲಾಡಿದಳು. ಹೊರಗೆ ವೀರಕುಮಾರರು ಎದೆಗೆ ಹೊಡೆದುಕೊಳ್ಳುತ್ತಿದ್ದಾಗ, ಕತ್ತಿಗೆ ಹೆದರುತ್ತಿದ್ದವನ ಸೀರೆಯನ್ನು ಅಮ್ಮ ಉಟ್ಟಿದ್ದಳು. ಗೆರೆ ಅಮ್ಮನ ಮೊಣಕಾಲಿನ ಬಳಿ ದೀಪಕ್ಕೆ ಕಾಣುತ್ತಿತ್ತು.

ಆಮೇಲೆ ಊಟದ ಹೊತ್ತಿನಲ್ಲಿ ಲಾಳಿಯ ಆ ಸದ್ದು ಕೇಳಲಿಲ್ಲ. ಕಮಲಾತಾಳ್ ಮಾತ್ರ ಮಗ್ಗಗಳೆಲ್ಲ ನಿಂತಾಗ, ತುತ್ತನ್ನು ಕೈಯಲ್ಲೇ ಹಿಡಿದು, ಒಂದಿಷ್ಟು ಹೊತ್ತು ಒಳಮನೆಯ ಕಡೆಗೆ ಕಿವಿಗೊಟ್ಟು ಕೂತಿರುತ್ತಿದ್ದಳು.