ಗಿಪ್ಸಪ್ಪ ಮೆತ್ತಗೆ ಮಾಡಿದ ವಾಕ್ಯ

ಹದಿನಾರು ವರ್ಷ ಪ್ಲಾಸ್ಟರಿನಲ್ಲೇ ಮುಳುಗಿದ್ದರೂ ಅವನ ಮೈಯ ಒಂದು ಎಲುಬೂ ಮುರಿದಿರಲಿಲ್ಲ. ಮುರಿದುಕೊಂಡವರ ಕಾಲನ್ನು ಹತ್ತಿರದಿಂದ ನೋಡಿದ್ದೂ ಇರಲಿಲ್ಲ. ಮೂರನೆಯ ಮಹಡಿಯ ಭಾಷಾಂತರ ಕಚೇರಿಯಲ್ಲಿ, ಕಿಟಕಿ ಪಕ್ಕದ ಮೇಜಿನಲ್ಲಿ ಕೂತು, ಮುರಿದ ಕೈಕಾಲಿಗೆ ಹಾಕುವ ಪ್ಲಾಸ್ಟರಿನ ಬಗ್ಗೆ ಜರ್ಮನ್ನಿನಲ್ಲಿ ಬಂದದ್ದನ್ನೆಲ್ಲ ಇಂಗ್ಲಿಷಿಗೆ ಇಳಿಸುವುದು ಅವನ ಕಸುಬು. ಪ್ಲಾಸ್ಟರಿಗೆ ಜರ್ಮನ್ನರು ಗಿಪ್ಸ್ ಅನ್ನುತ್ತಾರೆ. ತೊಡೆಯವರೆಗಿನ ಗಿಪ್ಸು, ಮೊಣಕಾಲ ಕೆಳಗಿನ ಗಿಪ್ಸು, ಮಲಗಿರಬೇಕಾದವರ ಗಿಪ್ಸು, ನಡೆದಾಡಬಹುದಾದವರ ಗಿಪ್ಸು, ಹೀಗೆ ಒಂದೊಂದಕ್ಕೂ ಅವರದು ರೈಲಿನಷ್ಟುದ್ದದ ಒಂದೇ ಪದ. ಇವನು ಬೋಗಿಗಳನ್ನು ಬಿಡಿಸಿ ಬಿಡಿಸಿ ಇಂಗ್ಲಿಷಿನಲ್ಲಿ ನಿಲ್ಲಿಸಬೇಕು. ಹಾಗಾಗಿ ಕಚೇರಿಯಲ್ಲಿ ಅವನು ಗಿಪ್ಸಪ್ಪ. ಆ ಹೆಸರು ಅದು ಹೇಗೋ ಮನೆಯವರೆಗೂ ನಡೆದು ಬಂದು ಅಕ್ಕನ ಕಿವಿಗೆ ಬಿತ್ತು. ಅಲ್ಲಿಗೆ ಅವನ ನಿಜವಾದ ಹೆಸರಿನ ಕಥೆ ಮುಗಿಯಿತು.

ಅಕ್ಕ ಅದೇ ಬೀದಿಯ ಕೊನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಹೊಲಿಗೆಯಷ್ಟೇ ಸಲೀಸಾಗಿ ಗೊಣಗುತ್ತಿದ್ದಳು ಕೂಡ. ಬಿಸಿಲು ಜಾಸ್ತಿ, ನೆರಳು ಕಮ್ಮಿ, ಹೊಸ ಸೂಜಿ ಹಳೆಯದರಷ್ಟು ಚೂಪಿಲ್ಲ, ಹಳೆಯ ಗಂಡ ಹೊಸದರಲ್ಲಿದ್ದಷ್ಟು ಚುರುಕಿಲ್ಲ. ಭಾವ ಮೂವತ್ತು ವರ್ಷಗಳಿಂದ ಇದನ್ನು ಗೋಡೆ ಗಡಿಯಾರದ ಸದ್ದಿನಂತೆ ಕೇಳುತ್ತ, ಅಂದರೆ ಕೇಳಿಸಿಕೊಳ್ಳದೆ, ಸುಖವಾಗಿದ್ದ.

ಹೋದ ವರ್ಷ ಪ್ಲಾಸ್ಟರ್ ಪಟ್ಟಿ ತಯಾರಿಸುವ ಒಂದು ಕಂಪನಿಯಿಂದ ಒಂದು ಪುಟದ ಸೂಚನಾ ಹಾಳೆ ಭಾಷಾಂತರಕ್ಕೆ ಬಂದಿತ್ತು. ಅದರ ಏಳನೆಯ ಸೂಚನೆ ಜರ್ಮನ್ನಿನಲ್ಲಿ ಏಟು ಹೊಡೆದಂತಿತ್ತು: ಪ್ಲಾಸ್ಟರಿನೊಳಗಿರುವವರು ನೋವೆಂದರೆ ನೋವೇ, ವಾದ ಬೇಡ, ಮಾತ್ರೆ ಕೊಟ್ಟು ಸುಮ್ಮನಾಗಿಸಬೇಡಿ, ಪ್ಲಾಸ್ಟರನ್ನೂ ಒಳಗಿನ ಹತ್ತಿಯನ್ನೂ ಕೊನೆಯ ಎಳೆಯವರೆಗೆ ತಕ್ಷಣ ಸೀಳಿ. ಗಿಪ್ಸಪ್ಪ ಇದ್ದದ್ದನ್ನು ಇದ್ದಂತೆಯೇ ಇಂಗ್ಲಿಷಿಗೆ ತಂದ. ತಿದ್ದುವ ಮೇಡಂ ಕನ್ನಡಕ ಹಣೆಗೇರಿಸಿದರು.

"ಇದೇನ್ರೀ, ಜಗಳಕ್ಕೆ ಬಂದ ಹಾಗಿದೆ. ಓದೋರು ಡಾಕ್ಟರುಗಳು, ನಮ್ಮ ನಿಮ್ಮ ಹಾಗಲ್ಲ. ಸ್ವಲ್ಪ ಮೆತ್ತಗೆ ಮಾಡಿ."

"ಮೂಲದಲ್ಲೇ ಹಾಗಿದೆ ಮೇಡಂ."

"ಮೂಲದವರು ಒರಟರು ಅಂತ ನಾವೂ ಒರಟಾಗ್ಬೇಕಾ?"

ಊಟದ ಹೊತ್ತಾಗಿತ್ತು. ಗಿಪ್ಸಪ್ಪನಿಗೆ ಹಸಿವು ಮತ್ತು ತತ್ವ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವ ಅಭ್ಯಾಸವಿಲ್ಲ. ಐದು ನಿಮಿಷದಲ್ಲಿ ಏಳನೆಯ ಸೂಚನೆ ಹೀಗಾಯಿತು: ರೋಗಿಯ ದೂರುಗಳನ್ನು ಸೂಕ್ತವಾಗಿ ಗಮನಿಸತಕ್ಕದ್ದು. ಮೇಡಂ "ಎಷ್ಟು ಚೆನ್ನಾಗಿ ಕೂತಿತು ನೋಡಿ" ಅಂದರು. ಅವನಿಗೂ ಹೌದೆನ್ನಿಸಿತು.

ಈ ವರ್ಷ ಅಕ್ಕ ಬಲ್ಬು ಬದಲಿಸಲು ಸ್ಟೂಲು ಹತ್ತಿ, ಬಲ್ಬಿಗಿಂತ ಮೊದಲು ಕೆಳಗಿಳಿದಳು. ಬಲಗಾಲು ಮೊಣಕಾಲ ಕೆಳಗೆ ಮುರಿಯಿತು. ಹೊಲಿಗೆ ಯಂತ್ರ ಓಡಿಸುವ ಕಾಲು. ಆಸ್ಪತ್ರೆಯಲ್ಲಿ ತೊಡೆಯವರೆಗೂ ಪ್ಲಾಸ್ಟರ್ ಹಾಕಿದರು. ಮರುದಿನ ಮಧ್ಯಾಹ್ನ ಗಿಪ್ಸಪ್ಪ ನೋಡಲು ಹೋದಾಗ ಅವಳ ಮುಖ ಬೆವರಿನಿಂದ ತೊಯ್ದಿತ್ತು.

"ತಡೆಯೋಕಾಗ್ತಿಲ್ಲ ಕಣೋ. ಕಾಲನ್ನ ಬಾಗಿಲ ಸಂದೀಲಿಟ್ಟು ಯಾರೋ ಒತ್ತಿದ ಹಾಗಿದೆ."

"ನಿನ್ನೆ ದಿಂಬು ಮೆತ್ತಗೆ ಅಂದಳು," ಭಾವ ಪತ್ರಿಕೆಯ ಹಿಂದಿನಿಂದ ಹೇಳಿದ. "ಬೆಳಿಗ್ಗೆ ಹಾಸಿಗೆ ಗಟ್ಟಿ ಅಂದಳು. ಈಗ ಪ್ಲಾಸ್ಟರ್ ಬಿಗಿಯಂತೆ. ಮೇಲಿಂದ ಕೆಳಗೆ ಕ್ರಮವಾಗಿ ಬರ್ತಿದಾಳೆ, ಬಿಡು."

ಗಿಪ್ಸಪ್ಪ ಹೊದಿಕೆ ಸರಿಸಿದ. ಪ್ಲಾಸ್ಟರಿನ ಅಂಚಿನಿಂದ ಇಣುಕುತ್ತಿದ್ದ ಐದು ಬೆರಳುಗಳು ಊದಿಕೊಂಡು ಮಂಕಾಗಿದ್ದವು. ಹದಿನಾರು ವರ್ಷ ಅವನು ಕಾಗದದ ಮೇಲಷ್ಟೇ ಓದಿದ್ದ ಬೆರಳುಗಳು ಅವು. ಅವನು ಸಿಸ್ಟರಿನ ಮೇಜಿಗೆ ಓಡಿದ. ಹದಿನಾಲ್ಕು ಹಾಸಿಗೆಗೆ ಒಬ್ಬಳೇ ಇದ್ದ ಆಕೆ ತಲೆಯೆತ್ತದೆ ಹೇಳಿದಳು.

"ನೋವು ಅಂದ್ರು, ಎರಡು ಸಲ ಬರ್ಕೊಂಡಿದೀನಿ. ಮಾತ್ರೆನೂ ಕೊಟ್ಟಿದೀನಿ."

"ಮಾತ್ರೆ ಅಲ್ಲ ಸಿಸ್ಟರ್, ಪ್ಲಾಸ್ಟರ್ ಸೀಳ್ಬೇಕು. ಈಗಲೇ."

"ಡಾಕ್ಟರ್ ಹೇಳ್ದೆ ಸೀಳೋ ಹಾಗಿಲ್ಲ. ಅವರು ಆಪರೇಷನ್ನಲ್ಲಿದಾರೆ, ಹೇಳಿ ಕಳ್ಸಿದೀನಿ. ನಾವೇನು ಮನಸ್ಸಿಗೆ ಬಂದ ಹಾಗೆ ಮಾಡಲ್ಲ ಸಾರ್, ಅದರ ಪ್ರಕಾರ ಮಾಡ್ತೀವಿ," ಎಂದು ಪೆನ್ನಿನ ತುದಿಯಿಂದ ಗೋಡೆ ತೋರಿಸಿದಳು.

ಗೋಡೆಯ ಮೇಲೆ ಪ್ಲಾಸ್ಟಿಕ್ ಹೊದಿಸಿದ ಇಂಗ್ಲಿಷ್ ಹಾಳೆಯೊಂದಿತ್ತು. ಏಳನೆಯ ಸೂಚನೆಯನ್ನು ಅವನು ಓದಬೇಕಾಗಿಯೇ ಇರಲಿಲ್ಲ.

"ಅದು ತಪ್ಪು," ಅಂದ. "ಮೂಲದಲ್ಲಿ ತಕ್ಷಣ ಸೀಳಿ ಅಂತಿದೆ."

"ನಿಮಗೆ ಹೇಗೆ ಗೊತ್ತು?"

"ಅದನ್ನ ಬರೆದದ್ದು ನಾನೇ."

ಸಿಸ್ಟರ್ ಮೊದಲ ಸಲ ತಲೆಯೆತ್ತಿ ನೋಡಿದಳು. ರೋಗಿಗಳ ಸಂಬಂಧಿಕರಲ್ಲಿ ದಿನಕ್ಕೊಬ್ಬನಾದರೂ ಹೀಗೆ ಏನಾದರೊಂದು ಹೇಳುವವನು ಸಿಗುತ್ತಾನೆ ಎನ್ನುವ ತಾಳ್ಮೆ ಆ ನೋಟದಲ್ಲಿತ್ತು. ಅವನು ಫೋನು ತೆಗೆದು ಜರ್ಮನ್ ಹಾಳೆಯನ್ನು ಹುಡುಕಿ ಮುಂದೆ ಹಿಡಿದ.

"ಇದನ್ನ ಓದೋರು ಯಾರು?"

"ನಾನು."

"ಅಲ್ಲ ಸಾರ್, ಇದನ್ನ ಓದಿ ಅದನ್ನ ಬರೆದೋರು ನೀವೇ ಅಂತೀರಿ. ಈಗ ಅದನ್ನ ನಂಬ್ಬೇಡಿ, ನನ್ನ ನಂಬಿ ಅಂತಾನೂ ನೀವೇ ಅಂತೀರಿ. ನಾನು ಯಾವ ನಿಮ್ಮನ್ನ ನಂಬ್ಲಿ?"

ಗಿಪ್ಸಪ್ಪ ಫೋನನ್ನು ಹಿಂದಕ್ಕೆ ತೆಗೆದುಕೊಂಡ. ಕಾರಿಡಾರಿಗೆ ಬಂದು ಮೇಡಂಗೆ ಫೋನು ಮಾಡಿದ. ಅವರು ಪೂರ್ತಿ ಕೇಳಿಸಿಕೊಂಡರು. "ಅಯ್ಯೋ ಪಾಪ. ಆದ್ರೆ ಅಚ್ಚಾಗಿಹೋಗಿದೆಯಲ್ಲ. ಮುಂದಿನ ಮುದ್ರಣಕ್ಕೆ ತಿದ್ದೋಣ, ಒಂದು ಮೇಲ್ ಹಾಕಿಬಿಡಿ."

ಆಪರೇಷನ್ ಕೋಣೆಯ ಮುಂದೆ ಸ್ಟೂಲಿನ ಮೇಲೆ ಕೂತಿದ್ದವನು ಕಾಲು ಅಡ್ಡ ಚಾಚಿದ. "ಒಳಗೆ ಒಬ್ಬರ ಸೊಂಟ ಬಿಚ್ಚಿಟ್ಟಿದಾರೆ. ಅದನ್ನ ಹಾಗೇ ಬಿಟ್ಟು ಬನ್ನಿ ಅನ್ಲಾ?"

ವಾಪಸು ಬರುವಾಗ ಪ್ಲಾಸ್ಟರ್ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಯಾರೂ ಇರಲಿಲ್ಲ. ಮೇಜಿನ ಮೇಲೆ ಪ್ಲಾಸ್ಟರ್ ಕತ್ತರಿಸುವ ಗರಗಸ ಮಲಗಿತ್ತು. ಅದಕ್ಕೆ ಜರ್ಮನ್ನಿನಲ್ಲಿ ಎರಡು, ಇಂಗ್ಲಿಷಿನಲ್ಲಿ ಮೂರು ಹೆಸರು ಅವನಿಗೆ ಗೊತ್ತಿದ್ದವು. ಕೈಗೆತ್ತಿಕೊಂಡ. ಅಂದುಕೊಂಡದ್ದಕ್ಕಿಂತ ಭಾರವಿತ್ತು. ತಿರುಗಿಸಿ ಮುರುಗಿಸಿ ನೋಡಿದ. ಚಾಲೂ ಮಾಡುವ ಗುಂಡಿ ಎಲ್ಲಿದೆಯೆಂದು ತಿಳಿಯಲಿಲ್ಲ. ತಿಳಿದಿದ್ದರೂ ಚರ್ಮ ಎಲ್ಲಿಂದ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ. ಇದ್ದಲ್ಲೇ ಇಟ್ಟ, ಅಲಗು ಯಾವ ಕಡೆಗಿತ್ತೋ ಆ ಕಡೆಗೇ.

ವಾರ್ಡಿನಲ್ಲಿ ಅಕ್ಕ ಸುಮ್ಮನೆ ಮಲಗಿದ್ದಳು. ಮುಖದ ಬೆವರು ಆರಿತ್ತು. ಭಾವ ಪತ್ರಿಕೆ ಮಡಿಸಿಟ್ಟಿದ್ದ.

"ಮಾತ್ರೆ ಹಿಡೀತು ನೋಡು. ನೀನು ಸುಮ್ಮನೆ ಆಸ್ಪತ್ರೆಯೆಲ್ಲಾ ಓಡಾಡಿದೆ."

"ಹೂಂ ಕಣೋ," ಅಂದಳು ಅಕ್ಕ. "ಈಗ ಏನೂ ಇಲ್ಲ. ಹಗುರಾಗಿದೆ. ಹೋಗು, ಊಟ ಮಾಡಿ ಬಾ."

ಗಿಪ್ಸಪ್ಪ ಹೋಗಲಿಲ್ಲ. ನೋವು ತಾನಾಗಿಯೇ ನಿಂತರೆ ಅದು ಗುಣವಲ್ಲ, ಒಳಗೆ ನರ ಸಾಯುತ್ತಿರುವ ಗುರುತು ಎನ್ನುವ ಜರ್ಮನ್ ಪುಟಗಳನ್ನು ಅವನು ಬೇಕಾದಷ್ಟು ಇಂಗ್ಲಿಷಿಗೆ ಇಳಿಸಿದ್ದ. ಹಾಸಿಗೆಯ ಮೇಲೆ ಅಕ್ಕನ ಕಾಲ ಬಳಿ ಕೂತ. ಬೆರಳುಗಳು ತಣ್ಣಗಿದ್ದವು.

"ಅಕ್ಕಾ, ಮೇಲೆ ನೋಡ್ತಾ ಇರು. ನಾನು ಯಾವ ಬೆರಳು ಮುಟ್ತೀನಿ, ಹೇಳು."

"ಈ ವಯಸ್ಸಲ್ಲಿ ಇದೇನೋ ಆಟ," ಅಂದಳು. ಆದರೂ ಚಾವಣಿ ನೋಡಿದಳು.

ಅವನು ಉಗುರು ಊರಿದ. ಕಾದ. ಇನ್ನೂ ಒತ್ತಿದ. ಹೆಬ್ಬೆರಳಿನ ತುದಿಯಲ್ಲಿ ಬಿಳಿಯ ಗುರುತು ಬಿತ್ತು, ಅದು ಕೆಂಪಾಗಲಿಲ್ಲ.

"ಮುಟ್ಟೋ," ಅಂದಳು ಅಕ್ಕ, ಚಾವಣಿಯಿಂದ ಕಣ್ಣು ತೆಗೆಯದೆ. "ಎಷ್ಟು ಹೊತ್ತು ಕಾಯಿಸ್ತೀಯ?"