ಅಪ್ಪನ ದಾರಿಗೆ ಹಾಸಿದ ಕಬ್ಬಿಣ

ಮಸ್ಕಿಯ ನಮ್ಮ ಮನೆಯ ಬಾಗಿಲ ಪಕ್ಕ ಒಂದು ತಾಮ್ರದ ತಂಬಿಗೆ ಇರುತ್ತಿತ್ತು. ಎಂಬತ್ತರ ದಶಕದ ಆರಂಭದಲ್ಲಿ, ನಾನಿನ್ನೂ ಚಿಕ್ಕವಳು, ಅಪ್ಪ ಸಂಜೆ ಕೆಲಸದಿಂದ ಬಂದು ಹೊಸ್ತಿಲ ಹೊರಗೆ ನಿಂತು ಒಮ್ಮೆ ಕೆಮ್ಮುತ್ತಿದ್ದ. ಅವ್ವ ತಂಬಿಗೆ ತುಂಬಿಸಿಕೊಂಡು ಹೋಗಿ ಕಾಲಿಗೆ ನೀರು ಕೊಡುತ್ತಿದ್ದಳು. ಅಪ್ಪ ಕಟ್ಟಡಗಳಿಗೆ ಕಬ್ಬಿಣ ಕಟ್ಟುವವನು. ಸ್ಲ್ಯಾಬ್ ಹಾಕುವ ಮುಂಚೆ ಸರಳುಗಳನ್ನು ಅಡ್ಡ ಉದ್ದ ಹೊಂದಿಸಿ ತಂತಿಯಿಂದ ಬಿಗಿಯುವುದು ಅವನ ಕಸುಬು. ಅವನ ಪಾದದಿಂದ ಇಳಿದ ನೀರು ಸಿಮೆಂಟಿನ ಬಣ್ಣ ಹೊತ್ತು ಅಂಗಳದ ಕರಿ ಮಣ್ಣಿನಲ್ಲಿ ಒಂದಿಷ್ಟು ದೂರ ಹರಿದು ಇಂಗುತ್ತಿತ್ತು. ನಾನು ಅದರ ಬೆನ್ನು ಹತ್ತಿ ನಡೆಯುತ್ತಿದ್ದೆ. ಅದು ಎಲ್ಲೋ ಒಂದು ಊರಿಗೆ ಹೊರಟ ಹೊಳೆ ಎಂದೇ ನನ್ನ ನಂಬಿಕೆ.

ನಾನು ಆರನೆಯ ತರಗತಿಯಲ್ಲಿದ್ದಾಗ, ಲಾರಿಯಿಂದ ಇಳಿಸುತ್ತಿದ್ದ ಕಬ್ಬಿಣದ ಹೊರೆ ಜಾರಿ ಅಪ್ಪನ ಸೊಂಟದ ಮೇಲೆ ಬಿತ್ತು. ಜೀವ ಉಳಿಯಿತು. ಕಾಲುಗಳು ಇದ್ದವು, ಆದರೆ ಅವುಗಳಲ್ಲಿ ಬಲವಿರಲಿಲ್ಲ. ಆಮೇಲೆ ಸರಕಾರದಿಂದ ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್ ಸಿಕ್ಕಿತು. ಅದರಲ್ಲಿ ಅಪ್ಪ ಊರೆಲ್ಲ ಸುತ್ತುತ್ತಿದ್ದ, ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಕೂತು ಹರಟುತ್ತಿದ್ದ. ಆದರೆ ನಮ್ಮ ಮನೆ ರಸ್ತೆಗಿಂತ ಎತ್ತರದಲ್ಲಿತ್ತು. ರಸ್ತೆಗೆ ತಾಗಿ ಗಟಾರ, ಅದನ್ನು ದಾಟಿದರೆ ಕರಿ ಮಣ್ಣಿನ ಉದ್ದನೆಯ ಅಂಗಳ, ಕೊನೆಗೆ ನಾಲ್ಕು ಕಲ್ಲಿನ ಮೆಟ್ಟಿಲು. ಹೋಗುವಾಗ ಬರುವಾಗ ಇಬ್ಬರು ಬಂದು ಅಪ್ಪನನ್ನು ಎತ್ತಬೇಕಿತ್ತು. ಎತ್ತುವಾಗ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಒಳಗೆ ಕೂರಿಸಿದ ಮೇಲೂ ಸ್ವಲ್ಪ ಹೊತ್ತು ತೆರೆಯುತ್ತಿರಲಿಲ್ಲ. ಕಾಲಿಗೆ ಮಣ್ಣೇ ಹತ್ತದವನಿಗೆ ಯಾರು ನೀರು ಕೊಡುತ್ತಾರೆ? ತಂಬಿಗೆ ಬಾಗಿಲ ಪಕ್ಕ ಕಪ್ಪಾಗುತ್ತ ಕೂತಿತು.

ಕಬ್ಬಿಣದ ಮಾತನ್ನು ಅಪ್ಪ ಆಮೇಲೆ ಆಡಲಿಲ್ಲ. ತಂತಿ ಬಿಗಿಯುವ ಅವನ ಕೊಕ್ಕೆ ಮಾತ್ರ ಗೋಡೆಯ ಗೂಡಿನಲ್ಲಿ ಇತ್ತು. ಪ್ರತಿ ಅಮಾವಾಸ್ಯೆಗೆ ಅವ್ವ ಗೂಡು ಒರೆಸುವಾಗ ಅದನ್ನು ಎತ್ತಿ, ಒರೆಸಿ, ಅಲ್ಲೇ ಇಡುತ್ತಿದ್ದಳು. ನಾವ್ಯಾರೂ ಅದನ್ನು ಮುಟ್ಟುತ್ತಿರಲಿಲ್ಲ.

ತೊಂಬತ್ತರ ದಶಕ ಶುರುವಾದಾಗ ನನಗೆ ಲಿಂಗಸುಗೂರಿನ ಅಂಚೆ ಕಚೇರಿಯಲ್ಲಿ ಕೆಲಸ ಸಿಕ್ಕಿತು. ದಿನಾ ಬಸ್ಸಿನ ಕಿಟಕಿಗೆ ತಲೆ ಆನಿಸಿ ಅರೆನಿದ್ದೆಯಲ್ಲಿ ಹೋಗುತ್ತಿದ್ದೆ. ಲಿಂಗಸುಗೂರಿನಲ್ಲಿ ಆಗ ಹೊಸ ಮನೆಗಳು ಏಳುತ್ತಿದ್ದವು. ಸ್ಕೂಟರ್ ಏರಿಸಲೆಂದು ಬಾಗಿಲ ಮುಂದೆ ಕಾಂಕ್ರೀಟಿನ ಇಳಿಜಾರು ಹಾಕುತ್ತಿದ್ದರು. ಆ ಅರೆನಿದ್ದೆಯಲ್ಲಿ ಆ ಬೂದು ಬಣ್ಣದ ಇಳಿಜಾರುಗಳೆಲ್ಲ ಒಂದೊಂದಾಗಿ ಎದ್ದು ನಮ್ಮ ಮನೆಯ ಕಡೆ ನಡೆದು ಬಂದಂತೆ ಕಾಣುತ್ತಿತ್ತು. ಸ್ಕೂಟರ್ ಏರುವುದಾದರೆ ಅಪ್ಪ ಯಾಕೆ ಏರಬಾರದು? ಯಾರ ಕೈಯೂ ತಾಗದೆ ಅಪ್ಪ ತನ್ನ ಮನೆಯೊಳಗೆ ಬರಬೇಕು. ನನಗೆ ಬೇಕಾಗಿದ್ದು ಅಷ್ಟೇ.

ಗಾರೆ ಕೆಲಸದ ಗೌಂಡಿಯನ್ನು ಕರೆಸಿದೆ. ಅವನು ಅಂಗಳವನ್ನು ಹೆಜ್ಜೆಯಲ್ಲೇ ಅಳೆದು, ಇದು ನೆಲದ ಮೇಲೆ ಮಲಗುವ ಕಾಂಕ್ರೀಟು, ಇದಕ್ಕೆ ಕಬ್ಬಿಣವೇ ಬೇಡ, ಗಟಾರದ ಮೇಲೆ ಒಂದು ಚಪ್ಪಟೆ ಪರಸಿ ಕಲ್ಲು ಹಾಸಿದರೆ ಸಾಕು ಎಂದ. ಕಚೇರಿಯ ಹಿರಿಯರೊಬ್ಬರು ಕೋಳಿ ಗೂಡಿನ ತಂತಿ ಜಾಳಿಗೆ ಹಾಕಿಸು ಎಂದರು. ನಮ್ಮ ಓಣಿಯ ನೆಲಗಳೆಲ್ಲ ಬೇಸಿಗೆಗೆ ಬಿರುಕು ಬಿಟ್ಟು ಮಳೆಗಾಲಕ್ಕೆ ಉಬ್ಬುವುದನ್ನು ನಾನು ಕಂಡಿದ್ದೆ. ಗಾಲಿ ಸಿಕ್ಕಿಕೊಳ್ಳಲು ಒಂದು ಬಿರುಕು ಸಾಕು, ಮತ್ತೆ ಇಬ್ಬರು ಬರಬೇಕು. ಹೀಗಾಗಿ ಹಟ ಹಿಡಿದು ಒಂದು ಭಾನುವಾರ ಸಿಂಧನೂರಿಗೆ ಹೋಗಿ, ಅಂಗಡಿಯಲ್ಲಿದ್ದ ಸರಳುಗಳಲ್ಲೇ ದಪ್ಪನೆಯವನ್ನು, ಹೆಬ್ಬೆರಳಿನ ಗಾತ್ರದವನ್ನು, ಐದು ಆರಿಸಿದೆ. ದಪ್ಪಗಿದ್ದರೆ ಗಟ್ಟಿ ಅಲ್ಲವೇ? ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ. ಊರವರನ್ನೆಲ್ಲ ಕೇಳಿದ್ದೆ, ಹಾದಿಯಲ್ಲಿ ಹೋಗುವವರನ್ನೂ ಕೇಳಿದ್ದೆ. ಅಪ್ಪನನ್ನು ಮಾತ್ರ ಕೇಳಲಿಲ್ಲ. ಕಬ್ಬಿಣವೆಂದರೆ ಅವನಿಗೆ ನೋವಾದೀತೆಂಬ ಹೆದರಿಕೆ ನನಗೆ.

ಗೌಂಡಿ ನನ್ನ ಮಾತಿಗೆ ಕಟ್ಟುಬಿದ್ದು ಆ ಐದು ಸರಳುಗಳನ್ನು ಬರಿ ಮಣ್ಣಿನ ಮೇಲೆ ದೂರ ದೂರ ಹಾಸಿದ. ಅಪ್ಪ ಬಾಗಿಲಲ್ಲಿ ಕೂತು ಬೆಳಗಿನಿಂದ ನೋಡುತ್ತಿದ್ದ. ಬಿಸಿಲು ಏರಿದ ಮೇಲೆ ಅವನು ಮೆಟ್ಟಿಲ ಮೇಲೆ ಕೂತಂತೆಯೇ ಒಂದೊಂದಾಗಿ ಜರುಗುತ್ತ, ಎರಡೂ ಕೈಯೂರಿ ಅಂಗಳಕ್ಕೆ ಇಳಿದ. ನಾನು ಓಡಿ ಹೋದೆ. ಅವ್ವ ನನ್ನ ಸೆರಗು ಹಿಡಿದು ನಿಲ್ಲಿಸಿದಳು. ಅಪ್ಪ ಒಂದು ಸರಳಿನ ಮೇಲೆ ಅಂಗೈ ಇಟ್ಟ. ಬಹಳ ದಿನಕ್ಕೆ ಸಿಕ್ಕ ದನದ ಮೈ ಸವರುವ ಹಾಗೆ ಸವರಿದ.

"ಇದನ್ನ ಯಾರು ಆರಿಸ್ಯಾರ?"

"ನಾನಪ್ಪಾ."

"ನನ್ನ ಕೇಳಾಕ ನಿನಗ ಬಾಯಿ ಇರಲಿಲ್ಲೇನು, ಯವ್ವಾ?"

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ನಾಚಿಕೆಯಿಂದ ನನ್ನ ಮುಖ ಸುಟ್ಟ ಹಾಗಾಯಿತು. ಅಷ್ಟು ವರ್ಷ ಅವನ ಮೈಯನ್ನು ಎತ್ತಿದ್ದೆವು, ಇಳಿಸಿದ್ದೆವು. ಅವನಿಗೆ ಗೊತ್ತಿದ್ದುದನ್ನು ಒಬ್ಬರೂ ಕೇಳಿರಲಿಲ್ಲ.

ಅಪ್ಪ ಗೌಂಡಿಯನ್ನು ಹತ್ತಿರ ಕರೆದು ಮಣ್ಣಿನ ಮೇಲೆ ಕಡ್ಡಿಯಲ್ಲಿ ಗೀಚಿ ತೋರಿಸಿದ.

"ಗಟಾರದ ಮ್ಯಾಲೆ ಗಾಲಿ ಹೋದಾಗ ಭಾರ ಮ್ಯಾಲಿಂದ ಬೀಳತೈತಿ, ಅಲ್ಲಿ ಕಬ್ಬಿಣ ತಳದಾಗ ಇರಬೇಕು. ಇಲ್ಲಿ ಎರಿ ಮಣ್ಣು ಮಳಿ ಕುಡಿದು ಕೆಳಗಿಂದ ಎಬ್ಬಿಸತೈತಿ, ಇಲ್ಲಿ ಕಬ್ಬಿಣ ಮ್ಯಾಲಕ್ಕ ಬೇಕು. ದಪ್ಪನ್ನ ಐದು ಹಾಕಿದ್ರ ನಡುವ ಸೀಳತೈತಿ. ಸಣ್ಣನ್ನ ಒತ್ತೊತ್ತಿಗೆ ಹಾಕು."

ಗೌಂಡಿ ತಲೆ ಕೆರೆದುಕೊಂಡು, ಹಂಗಾದ್ರ ಸಾಮಾನು ಬದಲಿ ಮಾಡಬೇಕಾಕ್ಕೈತಣ್ಣಾ ಎಂದ. ನಾನೂ ಬರ್ತೀನಿ ಎಂದ ಅಪ್ಪ. ಸಿಂಧನೂರಿಗೆ ಒಂದು ಟೆಂಪೊ ಗೊತ್ತು ಮಾಡಿದೆವು. ಅದಕ್ಕೆ ಏರಿಸುವಾಗ ಇಬ್ಬರು ಎತ್ತಲೇಬೇಕಾಯಿತು, ಅಪ್ಪ ಕಣ್ಣು ಮುಚ್ಚಿದ.

ಆ ಪ್ರಯಾಣ ಈಗಲೂ ನನಗೆ ಕನಸಿನಂತೆ ನೆನಪಾಗುತ್ತದೆ. ಹಿಂದೆ ಅಪ್ಪ ಆ ದಪ್ಪ ಸರಳುಗಳ ಪಕ್ಕ ದಿಂಬಿಗೆ ಒರಗಿ ಕೂತಿದ್ದ, ನಾನು ಎದುರಿಗೆ. ಒಣ ಹೊಲಗಳು ಹಿಂದೆ ಸರಿದವು, ಜೋಳದ ದಂಟಿನ ಬಣ್ಣ ಮೆಲ್ಲಗೆ ಕರಗಿ, ಯಾವಾಗ ಎಂದು ಗೊತ್ತಾಗದ ಹಾಗೆ ಎರಡೂ ಕಡೆ ಭತ್ತದ ಹಸಿರು ಬಂತು. ಕಾಲುವೆಯ ನೀರಿನ ತಂಪು ಮುಖಕ್ಕೆ ತಾಗಿತು. ಒಂದು ತೂಬು ಬಂದಾಗ ಅಪ್ಪ ಕೈ ತೋರಿಸಿ, ಅದರ ಕಬ್ಬಿಣ ನಂದು ಎಂದ. ಮುಂದೆ ಒಂದು ಸಣ್ಣ ಸೇತುವೆ, ಅದೂ ನಂದು. ಹೊರಗೆ ಕಾಣದ ಎಷ್ಟೋ ಗಂಟುಗಳನ್ನು ಅವನು ಆ ನಾಡಿನ ತುಂಬ ಕಟ್ಟಿಟ್ಟಿದ್ದ, ನೀರು ಅವುಗಳ ಮೇಲೆ ಹರಿಯುತ್ತಿತ್ತು. ನನಗೆ ಅಳು ಬಂತು. ಗಾಳಿಗೆ ಕಣ್ಣುರಿ ಎಂದು ಸುಳ್ಳು ಹೇಳಿದೆ.

ಅಂಗಡಿಯಲ್ಲಿ ಅಪ್ಪ ಪೆನ್ಸಿಲಿನಷ್ಟು ದಪ್ಪದ, ಮೈಮೇಲೆ ಗೆರೆ ಇರುವ ಸರಳುಗಳನ್ನು ಆರಿಸಿದ. ಬೆರಳಿನಿಂದ ತುಕ್ಕು ಉಜ್ಜಿ ನೋಡಿ, ಪದರ ಎದ್ದುಬಂದ ಕಟ್ಟನ್ನು ಹಿಂದಕ್ಕೆ ಸರಿಸಿದ. ದಪ್ಪ ಸರಳುಗಳನ್ನು ಮರಳಿಸಿದೆವು. ಸಣ್ಣ ಸರಳುಗಳನ್ನು ನಡುವೆ ಮಡಚಿ ಟೆಂಪೊಗೆ ಹೇರಿದರು. ಹೊರಚಾಚಿದ ತುದಿಗಳು ಮಸ್ಕಿಯವರೆಗೂ ಡಾಂಬರು ಗೀಚುತ್ತ ಸಣ್ಣಗೆ ಹಾಡಿದವು. ಅಪ್ಪ ಅದನ್ನು ಕೇಳುತ್ತ ನಿದ್ದೆಹೋದ.

ಮರುದಿನ ಅವ್ವ ಗೂಡಿನ ಕೊಕ್ಕೆ ತಂದು ಅಪ್ಪನ ಕೈಗೆ ಕೊಟ್ಟಳು. ಕರಿ ಮಣ್ಣನ್ನು ಮೊಣಕಾಲುದ್ದ ಆಳಕ್ಕೆ ತೆಗೆಸಿ, ಮೆಟ್ಟಿಲುಗಳೂ ಮುಚ್ಚುವಂತೆ ಹೊಸ್ತಿಲವರೆಗೆ ಗರಸು ಮಣ್ಣು ತುಂಬಿಸಿ, ಧಮ್ಮಸು ಹೊಡೆಸಿ ಗಟ್ಟಿ ಮಾಡಿಸಿದ್ದಾಯಿತು. ಅಪ್ಪ ನೆಲದ ಮೇಲೆ ಜರುಗುತ್ತ ಮೂರು ದಿನ ಕಬ್ಬಿಣ ಕಟ್ಟಿದ. ಗಟಾರದ ಮೇಲೆ ತಳದಲ್ಲಿ ಹೋದ ಸರಳು, ದಂಡೆ ದಾಟಿದ ಮೇಲೆ ಓರೆಯಾಗಿ ಮೇಲೇರುತ್ತಿತ್ತು. ಅಲ್ಲಿಂದ ಮುಂದಕ್ಕೆ ಅದನ್ನು ಎತ್ತಿ ಹಿಡಿಯಲು, ಉಳಿದ ತುಂಡುಗಳನ್ನೇ ಬಗ್ಗಿಸಿ ಗುಬ್ಬಿಗೆ ಮಾಡಿದಂಥ ಪುಟ್ಟ ಮಣೆಗಳನ್ನು ಮಾಡಿದ. ಕಾಂಕ್ರೀಟ್ ಹಾಕುವ ದಿನ ಬುಟ್ಟಿ ಹೊತ್ತ ಹೆಂಗಸರಿಗೆ, ಕಬ್ಬಿಣ ಮೆಟ್ಟಬ್ಯಾಡ್ರಿ, ಹಲಗಿ ಮ್ಯಾಲೆ ನಡೀರಿ ಎಂದು ಹೇಳಿ ಹೇಳಿ ಅವ್ವನ ಗಂಟಲು ಕಟ್ಟಿತು.

ವಳಕಮದಿನ್ನಿಯ ತವರಿನಲ್ಲಿ ಭತ್ತದ ಗದ್ದೆ ಕಂಡವಳು ಅವ್ವ. ಹಸಿ ಕಾಂಕ್ರೀಟು ಬಿಗಿದ ಮೇಲೆ ಅದರ ಮೇಲೆ ಮಣ್ಣಿನ ಸಣ್ಣ ಬದು ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ಗದ್ದೆಯಂಥ ಮಡಿ ಮಾಡಿ, ಕಾಂಕ್ರೀಟು ಗಟ್ಟಿಯಾಗಲೆಂದು ನೀರು ನಿಲ್ಲಿಸಿದಳು. ಎರಡು ವಾರ ನಮ್ಮ ಅಂಗಳದಲ್ಲಿ ಆಕಾಶ ಮಲಗಿತ್ತು. ಒಂದು ಮಡಿಯಿಂದ ಇನ್ನೊಂದಕ್ಕೆ ಮೋಡ ದಾಟುವುದನ್ನು ನೋಡುತ್ತ ನಾನು ಎರಡು ಸಲ ಬಸ್ ತಪ್ಪಿಸಿಕೊಂಡೆ. ಅಪ್ಪ ಹೊರಗೆ ಹೋಗಲಿಲ್ಲ. ಎತ್ತಿ ದಾಟಿಸುತ್ತೇವೆ ಎಂದವರಿಗೆಲ್ಲ ಬೇಡ ಎಂದ.

ಬದು ಒಡೆದು ನೀರು ಬಿಟ್ಟು ನೆಲ ಆರಿದ ದಿನ, ಅಪ್ಪ ಸೈಕಲ್ಲಿನಲ್ಲಿ ಕೂತು ಇಳಿಜಾರು ಇಳಿದು ಹೋದ. ಇಳಿಯುವುದು ದೊಡ್ಡದಲ್ಲ. ಸಂಜೆಗೆ ಗಾಲಿಯ ಸದ್ದು ಗಟಾರದ ಹತ್ತಿರ ಕೇಳಿತು. ನಾನು ಏಳಹೋದೆ. ಅವ್ವ ನನ್ನ ಕೈ ಹಿಡಿದು ಕೂರಿಸಿದಳು. ಸದ್ದು ನಿಂತಿತು. ಮತ್ತೆ ಶುರುವಾಯಿತು. ಅಂಗಳದ ನಡುವೆ ಇನ್ನೊಮ್ಮೆ ನಿಂತಿತು, ಅವನ ಏದುಸಿರು ಒಳಗೆ ಕೇಳುತ್ತಿತ್ತು. ನಾವಿಬ್ಬರೂ ಅಲುಗಾಡಲಿಲ್ಲ. ಆಮೇಲೆ ಹೊಸ್ತಿಲ ಹೊರಗೆ ಒಂದು ಕೆಮ್ಮು.

ಅವ್ವ ಎದ್ದಳು. ಕಪ್ಪಾಗಿದ್ದ ತಂಬಿಗೆ ತುಂಬಿಸಿಕೊಂಡು ಹೊರಗೆ ಹೋಗಿ, ಧೂಳೇ ಇಲ್ಲದ ಆ ಎರಡು ಪಾದಗಳ ಮೇಲೆ ನೀರು ಹೊಯ್ದಳು. ಅವಳ ಕಣ್ಣಿಂದಲೂ ನೀರು ಇಳಿಯುತ್ತಿತ್ತು. ಅಪ್ಪ ಕಣ್ಣು ತೆರೆದುಕೊಂಡೇ ಇದ್ದ. ನೀರು ಹೊಸ ಕಾಂಕ್ರೀಟಿನ ಮೇಲೆ ಎಲ್ಲೂ ನಿಲ್ಲದೆ, ಎಲ್ಲೂ ಇಂಗದೆ, ಗಟಾರದವರೆಗೂ ಹರಿಯಿತು. ಅದು ಹೋಗಿ ಮುಟ್ಟುವವರೆಗೂ ಅವನು ತಿರುಗಿ ನೋಡಿದ.

"ಇಳುಕಲು ಸರಿ ಬಂದೈತಿ," ಎಂದ, ಮತ್ತು ಒಳಗೆ ಬಂದ.